ಮೆಹಬೂಬಿಯ ಸೋಲಾರ್ ಪೆಟ್ಟಿಗೆ

ಕೆಂಚನಹಾಳದ ಮೆಹಬೂಬಿ ವಾರದ ಸಂತೆಗಳಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಬಲಗಾಲಿನಲ್ಲಿ ಶಕ್ತಿ ಇರಲಿಲ್ಲ. ಒಂದೇ ಕಾಲಿನಲ್ಲಿ ಮಷಿನ್ ತುಳಿದು ತುಳಿದು ಸಂಜೆಗೆ ಸೊಂಟ ಹಿಡಿದುಬಿಡುತ್ತಿತ್ತು. ಮಷಿನ್ನಿಗೆ ಮೋಟರ್ ಕೂರಿಸಬಹುದು. ಆದರೆ ಸಂತೆಯ ಬಯಲಿನಲ್ಲಿ ಕರೆಂಟ್ ಎಲ್ಲಿಂದ ಬರಬೇಕು?

ಅವಳು ಪಂಪ್‌ಸೆಟ್ ರಿಪೇರಿ ಮಾಡುವ ಶಿವಲಿಂಗಪ್ಪನವರ ಬಳಿ ಹೋದಳು.

"ಕಾಕಾ, ಸಂತಿಗೆ ಒಯ್ಯೂವಂಥಾ ಒಂದು ಸೋಲಾರ್ ಪೆಟ್ಟಿಗಿ ಮಾಡಿಕೊಡ್ರಿ."

"ಮಾಡಿಕೊಡೂದಿಲ್ಲವ್ವಾ, ಕಲಿಸಿಕೊಡ್ತೀನಿ. ಸಂತ್ಯಾಗ ಕೆಟ್ರ ನಾ ಅಲ್ಲಿ ಇರ್ತೀನೇನು?"

ಹದಿನೈದು ದಿನ ಅವಳು ಕಲಿತಳು. ಕೆಂಪು ತಂತಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಬ್ಯಾಟರಿಗೆ ಹೋಗುವ ಕರೆಂಟನ್ನು ಅಳೆದು ಬಿಡುವ ಚಾರ್ಜ್ ಕಂಟ್ರೋಲರಿಗೆ ಮೊದಲು ಬ್ಯಾಟರಿ ಜೋಡಿಸಬೇಕು, ಆಮೇಲೆ ಪ್ಯಾನೆಲ್. ಜೋಡಿಸುವಾಗ ಕರೆಂಟ್ ಹುಟ್ಟದಂತೆ ಪ್ಯಾನೆಲ್ ಮೇಲೆ ಕಂಬಳಿ ಹೊದಿಸಬೇಕು. ಇನ್ವರ್ಟರಿಗೆ ದಪ್ಪ ತಂತಿಯೇ ಬೇಕು. ಕೊನೆಗೆ ಉಳಿದದ್ದು ಒಂದೇ: ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಹಾಕುವ ಫ್ಯೂಸ್. ಅದು ಅಂಗಡಿಯಲ್ಲಿ ಮುಗಿದಿತ್ತು. ಬರಲು ಇನ್ನೂ ಒಂದು ವಾರ.

ಮರುದಿನವೇ ಹಬ್ಬದ ಸಂತೆ. ಹೊಲಿಯಲು ಬಂದ ಬಟ್ಟೆ ರಾಶಿ ಬಿದ್ದಿತ್ತು. ಸಂತೆಯಲ್ಲಿ ಅವಳ ಪಕ್ಕ ಸೀರೆ ಮಾರುವ ದ್ಯಾಮಣ್ಣ ನಕ್ಕ. "ಅಷ್ಟಕ್ಕ ಯಾಕ ಚಿಂತಿ? ಫ್ಯೂಸಿನ ಜಾಗಾಕ್ಕ ಒಂದು ತಾಮ್ರದ ತಂತಿ ಸುತ್ತಿಬಿಡು."

ಮೆಹಬೂಬಿ ಮನೆಯಲ್ಲೇ ಸುತ್ತಿ ನೋಡಿದಳು. ಮಷಿನ್ನಿಗೆ ಹೊಸದಾಗಿ ಕೂರಿಸಿದ್ದ ಮೋಟರ್ ಗುಂಯ್ ಎಂದು ತಿರುಗಿತು. ಕಾಲು ಆಡಿಸದೆ ಇಡೀ ಲಂಗದ ಅಂಚು ಹೊಲಿದಾಗ ಅವಳಿಗೆ ಅಳುವೇ ಬಂತು. ಆದರೂ ಮನಸ್ಸು ಒಪ್ಪಲಿಲ್ಲ. ಹೋಗಿ ಕಾಕಾನನ್ನು ಕೇಳಿದಳು.

ಅವರು ಬೈಯಲಿಲ್ಲ. "ಆ ತಂತಿ ಕರೆಂಟ್ ಬಿಡತೈತಿ, ಖರೆ. ತಡೀಬೇಕಾದಾಗ ಫ್ಯೂಸಿನಂಗ ತಾನ ಸುಟ್ಟು ತಡಿಯೂದಿಲ್ಲ. ಬ್ಯಾಟರಿ ಎರಡೂ ತುದಿ ಕೂಡಿದ್ರ ಇದ್ದ ಶಕ್ತಿಯೆಲ್ಲಾ ಒಮ್ಮೆಲೆ ಹೊರಗ ಬರತೈತಿ. ನಿನ್ನ ಸುತ್ತ ಇರೂದು ಬರೀ ಬಟ್ಟಿ. ಮುಂದ ನಿನ್ನಿಚ್ಛಾ."

ಮೆಹಬೂಬಿ ಮನೆಗೆ ಬಂದು ತಂತಿ ಬಿಚ್ಚಿ ಎಸೆದಳು. ಮರುದಿನ ಒಂಟಿಕಾಲಿನಲ್ಲೇ ಮಷಿನ್ ತುಳಿದಳು. ಅರ್ಧ ಬಟ್ಟೆ ಹಾಗೇ ಉಳಿಯಿತು. ಒಬ್ಬ ಹೆಂಗಸು ಮುಖ ಸಿಂಡರಿಸಿಕೊಂಡು ತನ್ನ ಬಟ್ಟೆಯನ್ನು ವಾಪಸ್ ಒಯ್ದಳು.

ಮುಂದಿನ ವಾರ ಫ್ಯೂಸ್ ಬಂತು. ಅವಳು ಎರಡು ಕೊಂಡು, ಒಂದನ್ನು ಚೀಲಕ್ಕೆ ಹಾಕಿಕೊಂಡಳು. ಇನ್ನೊಂದನ್ನು ಕೂರಿಸಿಕೊಂಡೇ ಸಂತೆಗೆ ಹೋದಳು. ಮಧ್ಯಾಹ್ನದ ತನಕ ಕೆಲಸ ಸರಾಗವಾಗಿ ಸಾಗಿತು. ಚಾರ್ಜ್ ಎಷ್ಟಿದೆ ಎಂದು ನೋಡಲು ಪೆಟ್ಟಿಗೆಯ ಮುಚ್ಚಳ ತೆಗೆದು ಬಗ್ಗಿದಾಗ, ತೊಡೆಯ ಮೇಲಿದ್ದ ಕಬ್ಬಿಣದ ಕತ್ತರಿ ಜಾರಿತು. ಜಾರಿದ್ದು ನೇರವಾಗಿ ಇನ್ವರ್ಟರಿನಲ್ಲಿ ಬ್ಯಾಟರಿಯ ಪ್ಲಸ್, ಮೈನಸ್ ತಂತಿ ಕೂರುವ ಎರಡು ತಿರುಪುಗಳ ಮೇಲೆ ಅಡ್ಡ ಬಿತ್ತು.

ಚಟ್! ಒಂದು ಕಿಡಿ. ಮಷಿನ್ ನಿಂತಿತು.

ಮೆಹಬೂಬಿ ಪೆಟ್ಟಿಗೆಯೊಳಗೆ ನೋಡಿದಳು. ಬೆಂಕಿ ಇಲ್ಲ. ಹೊಗೆ ಇಲ್ಲ. ಕೋಲಿನಿಂದ ಕತ್ತರಿ ಸರಿಸಿ, ಪ್ಯಾನೆಲ್ ಮೇಲೆ ಕಂಬಳಿ ಹೊದಿಸಿ, ಬ್ಯಾಟರಿಯ ತಂತಿ ಬಿಚ್ಚಿ, ಮೆಲ್ಲಗೆ ಮುಟ್ಟಿ ನೋಡಿದಳು. ತಂತಿ ತಣ್ಣಗಿತ್ತು. ಸುಟ್ಟಿದ್ದು ಫ್ಯೂಸ್ ಒಂದೇ.

ಕಿಡಿ ಕಂಡ ದ್ಯಾಮಣ್ಣ ಎದುರಿನ ಚಹಾದಂಗಡಿಯಿಂದ ಓಡಿಬಂದಿದ್ದ. ಅವನ ಸೀರೆಯ ಗಂಟುಗಳು ಪೆಟ್ಟಿಗೆಯಿಂದ ಎರಡೇ ಮೊಳ ದೂರದಲ್ಲಿದ್ದವು. ಅವುಗಳ ಮೇಲೆ ಅವನ ಮೊಮ್ಮಗಳು ಮಲಗಿ ನಿದ್ದೆ ಹೋಗಿದ್ದಳು.

"ನಾ ಹೇಳಿದಂಗ ತಂತಿ ಸುತ್ತಿದ್ರ..." ಅವನು ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡ.

"ಸುತ್ತಿಲ್ಲಲ್ಲ ಅಣ್ಣಾ, ಕುಂದರ್ರಿ, ನೀರು ಕುಡೀರಿ," ಎಂದಳು ಮೆಹಬೂಬಿ. ಅವಳ ಮುಖದಲ್ಲಿ ನಗು ಬಂದಿತ್ತು. ಅವಳು ಆ ತಿರುಪುಗಳ ಮೇಲೆ ರಬ್ಬರ್ ಹೊದಿಸಿ ಕಟ್ಟಿದಳು. ಚೀಲದಿಂದ ಇನ್ನೊಂದು ಫ್ಯೂಸ್ ತೆಗೆದು ಹಾಕಿ, ಬ್ಯಾಟರಿಯ ತಂತಿ ಮತ್ತೆ ಜೋಡಿಸಿ, ಕಂಬಳಿ ತೆಗೆದು ಮುಚ್ಚಳ ಮುಚ್ಚಿದಳು. ಮಷಿನ್ ಮತ್ತೆ ಓಡಿತು.

ನೀತಿ: ಕೆಲಸ ನಡೆಸುವುದನ್ನು ಕಲಿತರೆ ಅರ್ಧ ವಿದ್ಯೆ; ಅಪಾಯವನ್ನು ತಡೆಯುವುದನ್ನೂ ಕಲಿತರೆ ಪೂರ್ತಿ ವಿದ್ಯೆ. ಅವಸರಕ್ಕಾಗಿ ಕಾವಲನ್ನು ಕಿತ್ತುಹಾಕಬೇಡಿ. ಒಂದು ವಾರ ಕಾದರೆ ಹೋಗುವುದು ಒಂದು ಸಂತೆ. ಕಾಯದಿದ್ದರೆ ಹೋಗುವುದು ಏನೆಂದು ಯಾರಿಗೂ ಗೊತ್ತಿಲ್ಲ.