ಬಿಸಿನೀರ ಹೊಂಡಕ್ಕೆ ಬಂದ ಯಜಮಾನ

ಗುಡ್ಡದ ಬುಡದ ಒಂದು ಕಾಡಿನಲ್ಲಿ ಬಿಸಿನೀರಿನ ಹೊಂಡವಿತ್ತು. ನೆಲದೊಳಗಿಂದ ಕುದಿನೀರು ಉಕ್ಕುತ್ತಿತ್ತು, ಮೇಲಿನ ಬಂಡೆಯೊಂದರ ಹಿಂದಿನಿಂದ ತಣ್ಣನೆಯ ತೊರೆ ಬಂದು ಬೆರೆಯುತ್ತಿತ್ತು. ದೂರ ಹೊರಟ ಪ್ರಾಣಿಗಳು ಅಲ್ಲಿ ಮಿಂದು, ಮೈ ಹಗುರ ಮಾಡಿಕೊಂಡು ಮುಂದೆ ಹೋಗುತ್ತಿದ್ದವು.

ಒಂದು ನರಿ ಬಂಡೆಯ ಹಿಂದೆ ಹೋಗಿ ತೊರೆಗೆ ಕಲ್ಲು ಅಡ್ಡ ಇಟ್ಟಿತು. ಹೊಂಡ ಕೊತಕೊತ ಕುದಿಯಿತು. "ಬುಗ್ಗೆ ಮುನಿದಿದೆ. ಕಾಣಿಕೆ ಕೊಟ್ಟರೆ ಮಂತ್ರ ಹಾಕಿ ತಣಿಸುತ್ತೇನೆ" ಎಂದು ದಡದಲ್ಲಿ ಕೂತಿತು. ಕಾಣಿಕೆ ತಿಂದು, ಬಂಡೆಯ ಹಿಂದೆ ಹೋಗಿ ಮಣಮಣ ಎನ್ನುತ್ತಿತ್ತು. ಮನಸ್ಸು ಬಂದರೆ ಕಲ್ಲು ಸರಿಸುತ್ತಿತ್ತು, ಮಿಂದವರು ಹೋದ ಮೇಲೆ ಮತ್ತೆ ಅಡ್ಡ ಇಡುತ್ತಿತ್ತು.

ಒಂದು ಮಧ್ಯಾಹ್ನ ಮುದಿ ಕರಡಿ ಜಾಂಬಕ್ಕ ಬಂದಳು. ಗುಡ್ಡದಾಚೆ ಅವಳ ಮಗಳು ಹೆತ್ತಿದ್ದಳು. ಬಾಣಂತಿಗೆಂದು ಜಾಂಬಕ್ಕ ಎರಡು ಜೇನುಹುಟ್ಟು ಹೊತ್ತಿದ್ದಳು. ಮಂಡಿ ಹಿಡಿದುಕೊಂಡಿತ್ತು. ಬಿಸಿನೀರಿಗೆ ಇಳಿಯದೆ ಗುಡ್ಡ ಹತ್ತುವ ಹಾಗಿರಲಿಲ್ಲ.

ನರಿ ಒಂದು ಹುಟ್ಟು ನುಂಗಿ, ಬಂಡೆಯ ಹಿಂದೆ ಹೋಗಿ ಬಂದಿತು. "ಬುಗ್ಗೆಗೆ ಸಾಲದಂತೆ, ಅಕ್ಕ. ಇನ್ನೊಂದು ಕೊಡು."

"ತಿಂದವನು ನೀನು. ಬುಗ್ಗೆಗೆ ಹೇಗಪ್ಪ ಸಾಲದು?"

"ನಾನು ತಿಂದರೆ ಬುಗ್ಗೆಯೇ ತಿಂದ ಹಾಗೆ."

"ಹಾಗಾದರೆ ನಿನ್ನ ಹೊಟ್ಟೆ ತಣ್ಣಗಾಯಿತಲ್ಲ. ನೀರಿಗೇನು ಬಂತು ರೋಗ?"

ಪಕ್ಕದಲ್ಲಿದ್ದ ಹಂದಿ ನಿಟ್ಟುಸಿರು ಬಿಟ್ಟಿತು. "ವಾದ ಬೇಡ ಅಕ್ಕ, ಇನ್ನೂ ಸತಾಯಿಸುತ್ತಾನೆ. ಬೆಳಗಿನಿಂದ ಮೂರು ಸಲ ಗೆಣಸು ಕೊಟ್ಟು ಕೂತಿದ್ದೇನೆ."

ಜಾಂಬಕ್ಕನಿಗೆ ರೇಗಿಹೋಯಿತು. ಆದರೆ ಅವಳ ಕಣ್ಣು ನರಿಯ ಕಾಲಿನ ಮೇಲಿತ್ತು. ಬರಿಯ ಮಂತ್ರ ಹೇಳಿ ಬಂದವನ ಕಾಲು ಯಾಕೆ ಒದ್ದೆ?

"ಸರಿ, ಇದನ್ನೂ ಕೊಡುತ್ತೇನೆ. ನೀರು ತಣಿದ ಮೇಲೆ ತಿನ್ನು" ಎಂದು ನರಿಗೆ ಹೇಳಿ, ಉಳಿದ ಹುಟ್ಟನ್ನು ಕಾಯಲು ಹಂದಿಯ ಮುಂದಿಟ್ಟಳು. "ಅವನನ್ನೇ ಮೊದಲು ಇಳಿಸು" ಎಂದು ಹಂದಿಯ ಕಿವಿಯಲ್ಲಿ ಉಸುರಿ, ನೆರಳಿಗೆ ಹೋಗುವವಳಂತೆ ಬಂಡೆಯ ಹಿಂದಿನ ಪೊದೆ ಸೇರಿದಳು.

ನರಿ ಬಂದು ಕಲ್ಲು ಸರಿಸಿತು. ತೊರೆ ಹರಿಯತೊಡಗಿತು. ನರಿ ಅತ್ತ ಹೋದದ್ದೇ ತಡ, ಜಾಂಬಕ್ಕ ತನ್ನ ಅಗಲವಾದ ಕುಂಡಿಯನ್ನು ತೊರೆಗೆ ಅಡ್ಡವಿಟ್ಟು ಕೂತುಬಿಟ್ಟಳು.

"ತಣಿಯಿತು, ಇಳಿಯಿರಿ" ಎಂದಿತು ನರಿ.

"ನಿನ್ನ ಮಂತ್ರ, ನೀನೇ ಮೊದಲು" ಎಂದಿತು ಹಂದಿ.

ಆವಿ ಮುಸುಕಿ ನೀರು ಕಾಣದಿದ್ದರೂ, ತೊರೆ ಬಂದೇ ಇರುತ್ತದೆಂಬ ಧೈರ್ಯದಲ್ಲಿ ನರಿ ಧುಮುಕಿತು. ಧುಮುಕಿದ ವೇಗದಲ್ಲೇ ಮೇಲೆ ಹಾರಿತು. ಹೊಟ್ಟೆಯ ಕೂದಲೆಲ್ಲ ನೀರಲ್ಲೇ ಉಳಿಯಿತು. ಊಳಿಡುತ್ತಾ ಕಾಡು ಬಿಟ್ಟು ಓಡಿತು.

ಜಾಂಬಕ್ಕ ಎದ್ದಳು. ನೀರು ಬೆರೆತು ಹದವಾಯಿತು.

"ಇನ್ನು ಹೊಂಡಕ್ಕೆ ಯಜಮಾನರು ಯಾರು?" ಎಂದು ಹಂದಿ ಕೇಳಿತು.

"ನೀರಿಗೆ ಯಜಮಾನ ಯಾಕೆ? ಆ ಕಲ್ಲನ್ನು ದೂರ ಉರುಳಿಸು" ಎಂದಳು ಜಾಂಬಕ್ಕ. ಮಂಡಿ ಸಡಿಲವಾಗುವಷ್ಟು ಹೊತ್ತು ಮಾತ್ರ ಕೂತಳು. ಆಮೇಲೆ ಜೇನುಹುಟ್ಟು ಎತ್ತಿಕೊಂಡು ಗುಡ್ಡ ಹತ್ತಿದಳು.

ನೀತಿ: ಎಲ್ಲರಿಗೂ ಸೇರಿದ್ದನ್ನು ತಡೆದಿಟ್ಟು, ಅದನ್ನು ಬಿಟ್ಟುಕೊಡುವುದೇ ದೊಡ್ಡ ಉಪಕಾರವೆಂದು ಸುಲಿಯುವವನು ಕೊನೆಗೆ ತಾನೇ ಬೇಯುತ್ತಾನೆ.