ಖಾಲಿ ಉಳಿದ ದಾರದ ಕುಣಿಕೆ

"ಗುರುಗಳೇ, ಒಬ್ಬನು ಮಾಡಿದ ತಪ್ಪು ಯಾರಿಗೂ ಗೊತ್ತಿಲ್ಲ, ಯಾರಿಗೂ ಅನುಮಾನವೂ ಇಲ್ಲ. ಅವನು ಅದನ್ನು ಹೇಳಿಕೊಳ್ಳಲೇಬೇಕೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹಿಂದೆ ಚೀನಾ ದೇಶದಲ್ಲಿ, ಹಳದಿ ನದಿಯ ದಂಡೆಯ ಮೇಲೆ ಒಂದು ಸಣ್ಣ ರಾಜ್ಯವಿತ್ತು. ಅದರ ರಾಜ ಒಳ್ಳೆಯವನು. ತನ್ನ ಅಣ್ಣನೊಬ್ಬನನ್ನು ಬಿಟ್ಟರೆ ಯಾರನ್ನೂ ಕೊಂದವನಲ್ಲ. ಅಣ್ಣ ದೊರೆಯಾಗಿದ್ದಾಗ ಅವನಿಗೆ ಜ್ವರ ಬಂದದ್ದು ನಿಜ. ಔಷಧದ ಬಟ್ಟಲಿಗೆ ತಮ್ಮ ಬೇರೊಂದನ್ನು ಬೆರೆಸಿದ್ದೂ ನಿಜ. ಮೊದಲನೆಯದು ಊರಿಗೆಲ್ಲ ಗೊತ್ತಿತ್ತು. ಎರಡನೆಯದು ತಮ್ಮನಿಗೆ ಮಾತ್ರ ಗೊತ್ತಿತ್ತು.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಆಸ್ಥಾನದ ಚರಿತ್ರಕಾರ ದಿನಕ್ಕೊಂದು ಬಿದಿರ ಪಟ್ಟಿಯ ಮೇಲೆ ಅಂದು ನಡೆದದ್ದನ್ನು ಬರೆದು, ಪಟ್ಟಿಗಳನ್ನು ದಾರದ ಕುಣಿಕೆಗಳಲ್ಲಿ ಸಾಲಾಗಿ ಸೇರಿಸಿ ಸುರುಳಿ ಸುತ್ತಿಡುತ್ತಿದ್ದ. ಬದುಕಿರುವ ರಾಜ ಅದನ್ನು ಓದುವಂತಿರಲಿಲ್ಲ. ಅವನು ಸತ್ತ ಮೇಲೆ ಅವನ ಮಗ ಪಿತೃಗಳ ಮಂಟಪದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಅದನ್ನು ಓದಬೇಕಿತ್ತು.

ರಾಜನಿಗೆ ಒಬ್ಬನೇ ಮಗ. ಅವನಿಗೆ ತಂದೆಯೆಂದರೆ ಬಹಳ ಗೌರವ. ಆ ಮಗ ಒಂದು ದಿನ ತನ್ನ ಬಾಯಿಂದಲೇ ದೊಡ್ಡಪ್ಪ ಸತ್ತು ತಂದೆ ಪಟ್ಟಕ್ಕೆ ಬಂದ ದಿನದ ಪಟ್ಟಿಯನ್ನು ಓದುತ್ತಾನೆ ಎಂದು ನೆನೆದಾಗಲೆಲ್ಲ ರಾಜನಿಗೆ ಅನ್ನ ಸೇರುತ್ತಿರಲಿಲ್ಲ. ಹನ್ನೆರಡು ವರ್ಷ ಹೀಗೆಯೇ ಕಳೆಯಿತು. ಕೊನೆಗೆ ಅವನು ಒಬ್ಬ ಕಳ್ಳನನ್ನು ಕರೆಸಿದ.

ಆ ಕಳ್ಳ ದೊಡ್ಡ ಹೆಸರು ಮಾಡಿದವನು. ಕಾವಿಗೆ ಕೂತ ಕೋಳಿಯ ಕೆಳಗಿಂದ ಅವನು ಮೊಟ್ಟೆ ಎತ್ತಿದರೆ ಕೋಳಿ ಕಣ್ಣು ತೆರೆಯುತ್ತಿರಲಿಲ್ಲ ಎನ್ನುತ್ತಿದ್ದರು. ಅವನಿಗೆ ಓದು ಬರುತ್ತಿರಲಿಲ್ಲ. ರಾಜ ಆ ದಿನದ ಗುರುತನ್ನು ನೆಲದ ಮೇಲೆ ಬರೆದು ತೋರಿಸಿದ. ಕಳ್ಳ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಲಿನಿಂದ ಅಳಿಸಿದ.

ಹುಳ ಹಿಡಿಯದಿರಲೆಂದು ವರ್ಷಕ್ಕೊಮ್ಮೆ ಸುರುಳಿಗಳನ್ನು ಅಂಗಳದಲ್ಲಿ ಬಿಸಿಲಿಗೆ ಹರಡುತ್ತಿದ್ದರು. ಹರಡುವ ಆಳುಗಳಲ್ಲಿ ಕಳ್ಳನೂ ಒಬ್ಬನಾದ. ನಡುಮಧ್ಯಾಹ್ನ, ಚರಿತ್ರಕಾರ ಅಲ್ಲೇ ಕೂತಿರುವಾಗ, ಒಂದು ಪಟ್ಟಿ ಕುಣಿಕೆಯಿಂದ ಜಾರಿ ಕಳ್ಳನ ಅಂಗಿಯ ತೋಳಿನೊಳಗೆ ಸೇರಿತು. ಯಾರೂ ನೋಡಲಿಲ್ಲ.

ಪಟ್ಟಿ ರಾಜನ ಕೈಗೆ ಬಂತು. ಬದುಕಿರುವ ರಾಜ ಓದಬಾರದೆಂಬುದು ಹಿರಿಯರ ಕಟ್ಟಳೆ. ಹಿರಿಯರ ಮಾತು ಮೀರುವುದು ಪಾಪವೆಂದು ರಾಜ ಅದನ್ನು ಓದದೆ ಒಲೆಗೆ ಹಾಕಿದ.

ಸಂಜೆ ಸುರುಳಿ ಸುತ್ತುವಾಗ ಚರಿತ್ರಕಾರನ ಬೆರಳಿಗೆ ಖಾಲಿ ಕುಣಿಕೆ ಸಿಕ್ಕಿತು. ಪಕ್ಕದಲ್ಲಿದ್ದ ಬೆಲೆಬಾಳುವ ಹಸಿರುಕಲ್ಲಿನ ಅಳತೆಪಟ್ಟಿ, ರೇಷ್ಮೆಯ ಹೊದಿಕೆ ಎಲ್ಲ ಇದ್ದಲ್ಲೇ ಇದ್ದವು. ಅವನು ಯಾರಿಗೂ ಏನೂ ಹೇಳಲಿಲ್ಲ.

ಮೂರನೆಯ ದಿನ ರಾಜನೇ ಅವನನ್ನು ಕರೆಸಿ, ಸುರುಳಿಗಳೆಲ್ಲ ಕ್ಷೇಮವೇ ಎಂದು ವಿಚಾರಿಸಿದ. ಹನ್ನೆರಡು ವರ್ಷಗಳಲ್ಲಿ ಅವನು ಸುರುಳಿಗಳ ಯೋಗಕ್ಷೇಮ ಕೇಳಿದ್ದು ಅದೇ ಮೊದಲು. ಒಂದು ಪಟ್ಟಿ ಕಾಣುತ್ತಿಲ್ಲ ಎಂದು ಚರಿತ್ರಕಾರ ತಿಳಿಸಿದ.

ರಾಜನಿಗೆ ತಡೆಯಲಾಗಲಿಲ್ಲ. "ನನ್ನ ಅಣ್ಣನ ಸಾವನ್ನು ಏನೆಂದು ಬರೆದಿದ್ದೆ?" ಎಂದ.

"ಜ್ವರದಿಂದ ತೀರಿಕೊಂಡರು, ಅವರ ತಮ್ಮ ಕಣ್ಣೀರಿಟ್ಟರು ಎಂದು ಬರೆದಿದ್ದೆ, ಪ್ರಭು."

ರಾಜ ಒಲೆಯ ಕಡೆ ನೋಡಿದ. ಆಮೇಲೆ, ಅದನ್ನೇ ಇನ್ನೊಂದು ಪಟ್ಟಿಯಲ್ಲಿ ಬರೆದು ಕುಣಿಕೆಗೆ ಸೇರಿಸು ಎಂದು ಅಪ್ಪಣೆ ಮಾಡಿದ.

"ಅಂದು ನಂಬಿದ್ದೆ, ಬರೆದೆ," ಎಂದ ಚರಿತ್ರಕಾರ. "ಕಳೆದದ್ದು ಯಾವ ದಿನದ ಪಟ್ಟಿ ಎಂದು ನಾನು ಇನ್ನೂ ಹೇಳಿರಲಿಲ್ಲ, ಪ್ರಭು. ಇನ್ನು ಅದನ್ನು ಬರೆಯಲಾರೆ."

ತಲೆ ತೆಗೆಸುತ್ತೇನೆ ಎಂದು ರಾಜ ಹೆದರಿಸಿದ. ತಲೆ ತೆಗೆಸಿದ ದಿನಕ್ಕೂ ಒಂದು ಪಟ್ಟಿ ಬೇಕಾಗುತ್ತದೆ, ನನ್ನ ನಂತರ ಬರೆಯುವವನ ಅಕ್ಷರ ನನ್ನದಕ್ಕಿಂತ ದುಂಡಾಗಿದೆ ಎಂದು ಚರಿತ್ರಕಾರ ವಿನಯದಿಂದ ಅರಿಕೆ ಮಾಡಿದ. ರಾಜ ಅವನನ್ನು ಮನೆಗೆ ಕಳಿಸಿದ.

ಒಂಬತ್ತು ವರ್ಷದ ನಂತರ ರಾಜ ಸತ್ತ. ಮಗ ಪಿತೃಗಳ ಮಂಟಪದಲ್ಲಿ ನಿಂತು ಸುರುಳಿ ಬಿಚ್ಚಿ ಓದತೊಡಗಿದ. ದೊಡ್ಡಪ್ಪ ಸತ್ತ ದಿನದ ಕುಣಿಕೆ ಖಾಲಿಯಾಗಿರಲಿಲ್ಲ. ಅದರಲ್ಲಿ ಹೊಸದೊಂದು ಪಟ್ಟಿ ಇತ್ತು: 'ದೊರೆ ಜ್ವರದಿಂದ ತೀರಿಕೊಂಡನೆಂಬ ಬರಹ ಇಲ್ಲಿತ್ತು. ಅದನ್ನು ಅವನ ತಮ್ಮ ಕದಿಸಿದನು.'

ಮಗ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. ಮುಂದಿನ ಪಟ್ಟಿಗೆ ಹೋಗಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಕತೆ ಮುಗಿಯಿತು. ಶಿಷ್ಯ, "ಹಾಗಾದರೆ ರಾಜ ಸುಮ್ಮನೆ ಇದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅಲ್ಲವೇ?" ಎಂದ.

ಗುರುಗಳು ಹೇಳಿದರು: "ಸುಮ್ಮನೆ ಇದ್ದುಬಿಡುವುದು ಆಗುವ ಕೆಲಸವಾಗಿದ್ದರೆ, ನೀನು ಈ ಪ್ರಶ್ನೆ ಹಿಡಿದುಕೊಂಡು ನನ್ನ ಬಳಿ ಬರುತ್ತಿರಲಿಲ್ಲ, ಮಗು."