ನೀರಲ್ಲಿ ಹಾವು, ಮರದಲ್ಲಿ ಹಕ್ಕಿ

ಒಂದು ಊರಂತೆ, ಊರಿಗಿಂತ ದೊಡ್ಡದೊಂದು ಕೆರೆಯಂತೆ. ಊರಿನಲ್ಲಿ ಇದ್ದವರೆಲ್ಲ ಬೆಸ್ತರು. ಬಲೆ ಬೀಸಿದ ದಿನ ಮೀನಿನ ಸಾರು, ಬೀಸದ ದಿನ ಬರೀ ಮುದ್ದೆ.

ಒಂದು ದಿನ ಕೆರೆಯ ನಡುವೆ ಉದ್ದನೆಯ ಕತ್ತೊಂದು ಮೇಲೆದ್ದಿತಂತೆ. ಆಚೆ ಕೊಂಕಿತು, ಈಚೆ ಕೊಂಕಿತು, ಮುಳುಗಿತು. ಮೈ ಕಾಣಲೇ ಇಲ್ಲ.

"ನಾಗಪ್ಪ ಬಂದ!" ಅಂದನಂತೆ ಕುಲದ ಯಜಮಾನ ಗುಡ್ಡಯ್ಯ. "ಅವನಿರೋ ನೀರಿಗೆ ಯಾರೂ ಬಲೆ ಹಾಕಬಾರದು. ದಿನಾ ಒಂದು ಬಿಂದಿಗೆ ಹಾಲು ಸುರೀಬೇಕು."

ಏಳು ದಿನ ಸುರಿದರಂತೆ. ಕೆರೆಯೆಲ್ಲ ಹುಳಿ ಮಜ್ಜಿಗೆಯ ವಾಸನೆ. ಊರು ಬಡಕಲಾಯಿತು, ನಾಗಪ್ಪನ ಕತ್ತು ಮಾತ್ರ ದಪ್ಪಗಾಯಿತು.

ಆ ಊರಲ್ಲಿ ಸಣ್ಣೀರವ್ವ ಅಂತ ಒಬ್ಬಳು. ಗಂಡ ಸತ್ತ ಮೇಲೆ ನೋಡಿ ನೋಡಿಯೇ ಬಲೆ ನೇಯುವುದನ್ನು ಕಲಿತವಳು. ಮೂರು ಹೆಣ್ಣುಮಕ್ಕಳ ಹೊಟ್ಟೆ ಆ ಬಲೆಯ ಮೇಲೇ ಇತ್ತು. ಎಂಟನೆಯ ದಿನ ಅವಳು ದಂಡೆಯಲ್ಲಿ ಕೂತು ನೋಡುತ್ತಾಳೆ, ನಾಗಪ್ಪ ನೀರಿನಿಂದ ಹಾರಿ ಒಣಮರದ ಮೇಲೆ ಕೂತ. ಎರಡು ರೆಕ್ಕೆ ಅಗಲಿಸಿ ಒಗೆದ ಸೀರೆಯ ಹಾಗೆ ಒಣಹಾಕಿದ.

"ಯಜಮಾನ, ಅದು ಹಕ್ಕಿ ಕಣಯ್ಯ! ರೆಕ್ಕೆ ಐತೆ, ಕಾಲೂ ಐತೆ!"

ಗುಡ್ಡಯ್ಯ ಬಂದು ನೋಡಿ ಕೈಮುಗಿದನಂತೆ. "ನಮ್ಮ ಭಕ್ತಿಗೆ ನಾಗಪ್ಪನಿಗೆ ರೆಕ್ಕೆ ಬಂದಿದೆ. ನಾಳೆಯಿಂದ ಎರಡು ಬಿಂದಿಗೆ!"

ಸಣ್ಣೀರವ್ವ ಮನೆಗೆ ಹೋಗಿ, ಮಡಕೆಯಲ್ಲಿ ಉಳಿದಿದ್ದ ಕೊನೆಯ ಒಣಮೀನು ತಂದಳಂತೆ. ಎಡಗಡೆ ಹಾಲಿನ ಬಟ್ಟಲು, ಬಲಗಡೆ ಮೀನು ಇಟ್ಟಳು. ಹಕ್ಕಿ ಇಳಿದು ಬಂದು ಬಟ್ಟಲನ್ನು ಕಾಲಲ್ಲಿ ಉರುಳಿಸಿ, ಮೀನನ್ನು ಕೊಕ್ಕಿನಿಂದ ಚುಚ್ಚಿ, ಮೇಲಕ್ಕೆಸೆದು, ಗುಳುಂ ಅಂತ ನುಂಗಿತು.

ಗುಡ್ಡಯ್ಯ ತಲೆ ಕೆರೆದುಕೊಂಡನಂತೆ. "ಹಾಲು ಬೇಸರ ಆಗಿದೆ ನಾಗಪ್ಪನಿಗೆ. ಇನ್ಮೇಲೆ ಮೀನಿನ ಎಡೆ ಇಡೋಣ."

"ಇಡು. ಮೀನು ಎಲ್ಲಿಂದ ತರ್ತೀಯ?"

"ಕೆರೆಯಿಂದ."

"ಬಲೆ ಹಾಕದೇನೇ?"

ಗುಡ್ಡಯ್ಯ ಬಾಯಿ ತೆರೆದ, ಮುಚ್ಚಿದ, ತೆರೆದ, ಮುಚ್ಚಿದ. ಮೀನೂ ಅವನ ಹಾಗೆ ಮಾಡಿರಲಿಕ್ಕಿಲ್ಲ. ಕೊನೆಗೆ, "ದೇವರ ಎಡೆಗೆ ಅಂತ ಹಾಕಿದರೆ ದೋಷವಿಲ್ಲ," ಅಂದನಂತೆ.

ಅಂದೇ ಇಡೀ ಊರು ಬಲೆ ಹಾಕಿತು. ನಾಗಪ್ಪನಿಗೆ ಒಂದು ಮೀನು, ಊರಿಗೆ ನೂರು ಮೀನು ಪ್ರಸಾದ! ಸಣ್ಣೀರವ್ವನ ಮಕ್ಕಳು ಮೂರು ಸಲ ಬಡಿಸಿಕೊಂಡು ಉಂಡರಂತೆ.

ಆದರೂ ಜಗಳ ಮುಗಿಯಲಿಲ್ಲ. ಸಾಯೋವರೆಗೂ ಅವನು ಹಾವು ಅಂದ, ಅವಳು ಹಕ್ಕಿ ಅಂದಳು. ಇಬ್ಬರ ನಡುವೆ ಸಿಕ್ಕಿದ ಊರಿನವರು ಹಾವಕ್ಕಿ ಅಂದರು. ಈ ಜಗಳ ನಡೆದಿರುವಾಗಲೇ ಒಂದು ದಿನ ಆ ಎಡೆಗೆ ಬಾಯಿ ಹಾಕಲು ನೀರಿನಿಂದ ಇನ್ನೊಂದು ಕರಿಯ ಹಕ್ಕಿಯೂ ಬಂತಂತೆ.

"ಎಡೆ ಮುಟ್ಟೋದು ಕಾಗೆ ತಾನೇ? ಇದೂ ಕಾಗೇನೇ," ಅಂದ ಗುಡ್ಡಯ್ಯ.

"ಕಾಗೆ ನೀರಲ್ಲಿ ಮುಳುಗ್ತದೇನಯ್ಯ?"

"ಬೆಸ್ತರ ಊರಿನ ಕಾಗೆ ಮುಳುಗದೆ ಏನು ಮಾಡ್ತದೆ?"

ಸಣ್ಣೀರವ್ವ ಬಲೆ ಹೆಗಲಿಗೆ ಹಾಕಿಕೊಂಡಳು. "ಆಯ್ತು, ನೀರುಕಾಗೆ ಅಂತ ಇಟ್ಕೋ. ನಂಗೆ ಕೆಲಸ ಐತೆ."

ಅವರು ಆ ದಂಡೆಯಲ್ಲಿ ಸಾರು ಉಂಡರು, ನಾವು ಈ ದಂಡೆಯಲ್ಲಿ ಕತೆ ಉಂಡೆವು.